ತಂಗಿಯ ದನಿ ಇದ್ದ ಕಾರ್ಡು

ಹಾನಗಲ್ಲಿನಲ್ಲಿ ವಕೀಲಿಕೆ ಶುರು ಮಾಡಿ ಕೆಲವು ವರ್ಷಗಳಾದ ಮೇಲೆ ಕಾನೂನು ಅರಿವಿನ ಕಾರ್ಯಕ್ರಮಗಳಿಗೆ ನನ್ನನ್ನು ಆಗಾಗ ಕರೆಯತೊಡಗಿದರು. ಬಾಲ್ಯವಿವಾಹ, ವರದಕ್ಷಿಣೆ, ಹೆಲ್ಮೆಟ್ಟು, ಇಂಥ ವಿಷಯಗಳು. ಒಂದು ಸಲ ಕಾಲೇಜೊಂದರಲ್ಲಿ ಮೊಬೈಲಿನಿಂದ ಆಗುವ ಅಪರಾಧಗಳ ಬಗ್ಗೆ ಮಾತಾಡಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಟಿವಿ ಸೀರಿಯಲ್ ಡೌನ್‌ಲೋಡ್ ಮಾಡ್ಕೊಂಡು ನಾವಷ್ಟ ಮನ್ಯಾಗ ನೋಡಿದ್ರ ಅದೂ ತಪ್ಪೇನ್ರಿ? ಯಾರಿಗೂ ಮಾರಂಗಿಲ್ರಿ, ಕೊಡಂಗಿಲ್ರಿ.”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಮಂದಿ ಹೊಲಕ್ಕ ಹೋಗಿ ಗೋವಿನಜ್ವಾಳದ ತೆನಿ ಮುರ್ಕೊಂಡು ಬಂದು, ಮಾರಂಗಿಲ್ರಿ, ನಾವಷ್ಟ ಸುಟ್ಕೊಂಡು ತಿಂತೇವಿ ಅಂದ್ರ ಅದು ಕಳವು ಅಲ್ಲೇನವ್ವ?” ಎಂದೆ. ಹುಡುಗರೆಲ್ಲ ನಕ್ಕರು. ಆ ಹುಡುಗಿ ಕೆಂಪಗಾಗಿ ಕೂತಳು. ಪ್ರಾಚಾರ್ಯರು ವಂದನಾರ್ಪಣೆಯಲ್ಲಿ ನನ್ನ ಆ ಉದಾಹರಣೆಯನ್ನು ಮತ್ತೊಮ್ಮೆ ಹೇಳಿ ಹೊಗಳಿದರು. ಕೃತಿಸ್ವಾಮ್ಯದ ಕಾಯ್ದೆಯನ್ನು ನಾನು ಪರೀಕ್ಷೆಗೆ ಓದಿದ್ದು ಬಿಟ್ಟರೆ ಆಮೇಲೆ ತೆರೆದೂ ನೋಡಿರಲಿಲ್ಲ. ನಮ್ಮ ಕೋರ್ಟಿಗೆ ಬರುವುದು ಹೊಲದ ಬದುವಿನ ಜಗಳ, ಪಾಲಿನ ಜಗಳ, ಚೆಕ್ ಬೌನ್ಸು. ಆ ಕಾಯ್ದೆಯ ಪುಸ್ತಕ ನನ್ನ ಕಪಾಟಿನಲ್ಲೂ ಇರಲಿಲ್ಲ.

ಇದನ್ನು ಬರೆಯುವುದಕ್ಕೆ ಕಾರಣ ನನ್ನ ತಂಗಿ. ನನಗಿಂತ ಆರು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡಾಗ ಅವಳಿನ್ನೂ ಎರಡನೇ ಇಯತ್ತೆ ಓದುತ್ತಿದ್ದಳು. ಅವ್ವ ಚಿಕ್ಕೇರೂರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು. ಊರ ಮಕ್ಕಳಿಗೆಲ್ಲ ಉಪ್ಪಿಟ್ಟು ಮಾಡಿ ಬಡಿಸಿ ನಮ್ಮಿಬ್ಬರನ್ನೂ ಓದಿಸಿದಳು. ನಾನು ಧಾರವಾಡಕ್ಕೆ ಹೋಗಿ ಕಾನೂನು ಓದಿದೆ, ಹಾನಗಲ್ಲಿನಲ್ಲಿ ಮದುವೆಯಾಗಿ ಅಲ್ಲೇ ನೆಲೆ ನಿಂತೆ. ತಂಗಿಯನ್ನು ಶಿಕ್ಷಕಿ ಮಾಡಬೇಕೆಂದು ಶಿಗ್ಗಾವಿಯಲ್ಲಿ ಓದಲು ಹಾಕಿದೆವು. ಆ ವರ್ಷ ಅಲ್ಲಿಗೆ ಒಂದು ನಾಟಕ ಕಂಪನಿ ಬಂದು ತಗಡಿನ ಥಿಯೇಟರು ಹಾಕಿತ್ತು. ಗೆಳತಿಯರ ಜೊತೆ ನಾಟಕ ನೋಡಲು ಹೋದವಳು ತಿಂಗಳಾಗುವಷ್ಟರಲ್ಲಿ ಅದೇ ನಾಟಕದಲ್ಲಿ ಪಾತ್ರ ಮಾಡುತ್ತಿದ್ದಳು. ನಾನು ಹೋಗಿ ಕರೆದೆ. ಬಣ್ಣ ಹಚ್ಚಿಕೊಳ್ಳುವ ಖೋಲಿಯ ಬಾಗಿಲಲ್ಲಿ ನಿಂತು, “ಅಕ್ಕಾ, ಇಲ್ಲಿ ನಾ ಬಾಯಿ ತೆಗದ್ರ ಮಂದಿ ಸುಮ್ನ ಆಗ್ತಾರ. ಮನ್ಯಾಗ ನಾ ಬಾಯಿ ತೆಗದ್ರ ನೀವು ಸುಮ್ನ ಇರು ಅಂತೀರಿ” ಎಂದಳು. ಬರಲಿಲ್ಲ.

ಕಂಪನಿಯಿಂದ ಕಂಪನಿಗೆ ತಿರುಗಿ ಕೊನೆಗೆ ಬೆಂಗಳೂರಿನಲ್ಲಿ ಒಂದು ಸೀರಿಯಲ್ಲಿನಲ್ಲಿ ಕೆಲಸ ಸಿಕ್ಕಿತು. ದೊಡ್ಡ ಬಂಗಲೆಯ ಮನೆಗೆಲಸದವಳ ಪಾತ್ರ. ಇಳಕಲ್ ಸೀರೆ, ಮೂಗಿಗೆ ನತ್ತು, ಬಾಯಿ ತುಂಬ ನಮ್ಮ ಕಡೆಯ ಮಾತು. ಮನೆಯವರೆಲ್ಲ ನುಣ್ಣನೆಯ ಕನ್ನಡ ಆಡುತ್ತಿದ್ದರೆ ಇವಳು ನಡುವೆ ಬಂದು ಒಂದು ಮಾತು ಒಗೆದು ಹೋಗಬೇಕು, ನೋಡುವವರು ನಗಬೇಕು. ನಮ್ಮ ಬಾರ್ ರೂಮಿನಲ್ಲಿ ವಕೀಲರು, “ನಿಮ್ಮ ತಂಗಿ ಬಾಳ ನಗಸ್ತಾರ್ರಿ” ಎನ್ನುತ್ತಿದ್ದರು. ಅವರು ಹೊಗಳಿಯೇ ಹೇಳುತ್ತಿದ್ದರೇನೋ. ನನಗೆ ಮಾತ್ರ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು.

ಒಂದು ದಿನ ಫೋನಿನಲ್ಲಿ ಅಂದೇಬಿಟ್ಟೆ. “ಸಾವ್ಕಾರ ಮಂದಿ ಎಲ್ಲಾ ಚಂದ ಮಾತಾಡ್ತಾರ, ಕಸಾ ಹೊಡಿಯಾಕಿಗಷ್ಟ ನಮ್ಮ ಮಾತು ಬೇಕೇನು? ನಮ್ಮವ್ವನ ಮಾತು ನಗಿಗೀಡು ಮಾಡಾಕತ್ತಿ ನೀ.”

ಅವಳು ಹೇಳಿದಳು. “ಆ ಮನ್ಯಾಗ ಖರೇ ಮಾತಾಡಾಕಿ ನಾ ಒಬ್ಬಾಕೀನ ಅಕ್ಕಾ. ನೀ ನೋಡಿದ್ರ ಗೊತ್ತಾಗ್ತಿತ್ತು.”

ನಾನು ಒಂದು ಕಂತನ್ನೂ ನೋಡಿರಲಿಲ್ಲ. ಆಮೇಲೂ ಬಹಳ ಕಾಲ ನೋಡಲಿಲ್ಲ.

ಕಾಲೇಜಿನ ಆ ಭಾಷಣದ ಮುಂದಿನ ಭಾನುವಾರ ಚಿಕ್ಕೇರೂರಿಗೆ ಹೋಗಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಮೊಬೈಲಿನಲ್ಲಿ ಏನೋ ನೋಡಿ ತನ್ನಷ್ಟಕ್ಕೆ ನಗುತ್ತಿದ್ದಳು. ತಂಗಿಯ ದನಿ ಕೇಳಿಸಿತು. ಫೋನ್ ಬಂದಿದೆಯೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಸೀರಿಯಲ್ಲು.

“ಸೀರಿಯಲ್ ಬರೂ ಹೊತ್ತಿಗೆ ಇಲ್ಲಿ ಕರೆಂಟ್ ಇರಂಗಿಲ್ಲವ್ವ,” ಎಂದಳು ಅವ್ವ. “ಹಿರೇಕೆರೂರಾಗ ಬಸ್ ಸ್ಟ್ಯಾಂಡ್ ಮುಂದ ಒಂದು ಮೊಬೈಲ್ ಅಂಗಡಿ ಐತಿ ನೋಡು. ಅಂಗನವಾಡಿ ಮೀಟಿಂಗಿಗೆ ಹೋದಾಗ ಅಂವಗ ಹೇಳಿದ್ದೆ. ಅಂವಾ ನಮ್ಮ ಸಣ್ಣಾಕಿ ಬರೂದಷ್ಟ ಕತ್ತರಿಸಿ ಜೋಡಿಸಿ ಕಾರ್ಡಿನ್ಯಾಗ ಹಾಕಿ ಕೊಟ್ಟಾನ. ರೊಕ್ಕಾನೂ ತಗೊಳ್ಳಿಲ್ಲ. ಇಡೀ ಸೀರಿಯಲ್ ಯಾರಿಗೆ ಬೇಕು, ಆಕಿ ಇದ್ರ ಸಾಕು.”

ನನಗೆ ಕಾಲೇಜಿನ ವೇದಿಕೆ ನೆನಪಾಯಿತು, ಪ್ರಾಚಾರ್ಯರ ಹೊಗಳಿಕೆ ನೆನಪಾಯಿತು. ಆ ತಿಂಗಳು ನಾನು ಸರ್ಕಾರಿ ವಕೀಲರ ಹುದ್ದೆಗೂ ಅರ್ಜಿ ಹಾಕಿದ್ದೆ. ಯಾರಾದರೂ ಕೇಳಿದರೆ? ವಕೀಲಳ ತಾಯಿಯ ಮೊಬೈಲಿನಲ್ಲಿ ಕದ್ದ ಮಾಲು! ಹೀಗೆಲ್ಲ ಯೋಚಿಸಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಖರೆ ಹೇಳಬೇಕೆಂದರೆ ಕಾಯ್ದೆ ಒಂದು ನೆಪವಾಗಿ ಸಿಕ್ಕಿತು. ನನ್ನ ಅವ್ವ ತನ್ನ ಮಗಳು ಕಸ ಹೊಡೆಯುವುದನ್ನು ನೋಡಿ ನಗುತ್ತ ಕೂತದ್ದು ನನಗೆ ಸಹಿಸಲಾಗಲಿಲ್ಲ.

“ಅವ್ವಾ, ಇದು ಅಪರಾಧ. ಪೊಲೀಸ್ ಕೇಸ್ ಆಗ್ತೈತಿ.”

“ನನ್ನ ಮಗಳನ್ನ ನಾ ನೋಡಿದ್ರ?”

“ನಿನ್ನ ಮಗಳಾದ್ರೇನಾತು, ಸೀರಿಯಲ್ ಅವರದು. ಚಾನೆಲ್‌ನವರದು. ಅವರನ್ನ ಕೇಳದ ಇಟ್ಕೊಳ್ಳೂದು ಕಳವು.”

ಅವ್ವ ಮೊಬೈಲನ್ನೂ ನನ್ನನ್ನೂ ನೋಡಿದಳು. ಜೀವನದಲ್ಲಿ ಅಂಗನವಾಡಿಯ ಒಂದು ಹಿಡಿ ಅಕ್ಕಿಯನ್ನೂ ಮನೆಗೆ ತಂದವಳಲ್ಲ ಅವಳು. ಕಳವು ಎಂಬ ಮಾತಿಗೆ ಅವಳ ಮುಖ ಸಣ್ಣದಾಯಿತು. “ಹಂಗಾರ ತಗಿ. ನಂಗ ತಿಳೀಲಿಲ್ಲವ್ವ,” ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ನಾನು ಅಳಿಸಲು ಹೋದಾಗ ಮೆಲ್ಲಗೆ ಕೇಳಿದಳು. “ಎಲ್ಲಾನೂ ಅಳಸ್ತೀಯೇನು? ಒಂದರ ಇರಲಿ?”

“ಒಂದಿದ್ರೂ ತಪ್ಪ, ನೂರಿದ್ರೂ ತಪ್ಪ.”

ಅಳಿಸಿದೆ. ಕಾರ್ಡನ್ನು ಪೂರ್ತಿ ಖಾಲಿ ಮಾಡಿ ಅವಳಿಗೆ ವಾಪಸು ಕೊಟ್ಟೆ. ಅವತ್ತು ಮನೆಗೆ ಮರಳುವ ಮೊದಲು ಹಿರೇಕೆರೂರಿನ ಬಸ್ಸು ಹಿಡಿದು ಆ ಅಂಗಡಿಗೂ ಹೋದೆ. ಮೂವತ್ತೈದರ ಆಸುಪಾಸಿನ ಮನುಷ್ಯ, ಕನ್ನಡಕ ಹಣೆಗೇರಿಸಿ ಯಾರದೋ ಮೊಬೈಲಿನ ಗಾಜು ಕೂರಿಸುತ್ತಿದ್ದ. ನಾನು ಯಾರೆಂದು ಹೇಳಿದ ಕೂಡಲೆ ಎದ್ದು ಸ್ಟೂಲು ಒರೆಸಿದ. ನಾನು ಕೂರಲಿಲ್ಲ. “ಕೇಸ್ ಆದ್ರ ಮೂರು ವರ್ಷದ ತನಕ ಜೇಲ್ ಐತಿ, ಗೊತ್ತೈತೇನು? ನಿನ್ನ ಕಂಪ್ಯೂಟರಿನಾಗ ಇರೂದೆಲ್ಲಾ ಈಗ ನನ್ನ ಮುಂದ ತಗಿ” ಎಂದೆ. ಆತ ಕಂಪ್ಯೂಟರಿನ ಕಡೆ ತಿರುಗಿದ. “ಅವ್ವಾರು ಕೇಳಿದ್ರಂತ ಮಾಡಿದ್ನಿರಿ ಅಕ್ಕಾರ. ನಾ ಇದರ ದಂಧೆ ಮಾಡಂಗಿಲ್ರಿ” ಎನ್ನುತ್ತಲೇ ಅಳಿಸಿದ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರೆದುರೇ ನಾನು ಹೀಗೆ ಮಾತಾಡಿದ್ದು.

ನ್ಯಾಯವಾಗಿ ಏನು ಮಾಡಬೇಕೋ ಅದನ್ನೂ ಮಾಡಿದೆ. ಆ ಚಾನೆಲ್ಲಿನ ಆ್ಯಪಿಗೆ ವರ್ಷದ ಚಂದಾ ಕಟ್ಟಿ ಅವ್ವನ ಮೊಬೈಲಿಗೆ ಹಾಕಿಕೊಟ್ಟೆ. ಎಲ್ಲ ಕಂತುಗಳೂ ಅದರಲ್ಲಿದ್ದವು. ಆದರೆ ಚಿಕ್ಕೇರೂರಿನ ನಮ್ಮ ಮನೆಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಅವ್ವ ಮೊಬೈಲು ಹಿಡಿದು ಹಿತ್ತಲಿನ ಕಲ್ಲಿನ ಮೇಲೆ ಕೂರಬೇಕು. ಚಿತ್ರ ನಡುನಡುವೆ ನಿಂತು ಸುತ್ತುತ್ತಿತ್ತು. ತಂಗಿ ಬರುವ ಜಾಗ ಹುಡುಕುವುದು ಅವಳಿಗೆ ಬರುತ್ತಿರಲಿಲ್ಲ. ಇಡೀ ಕಂತು ನೋಡಬೇಕು, ಎಲ್ಲೋ ಒಂದು ಕಡೆ ಅವಳು ಬಂದು ಹೋಗುತ್ತಾಳೆ. ಆದರೂ ಅವ್ವ ದೂರಲಿಲ್ಲ. “ಈಗ ಕಳವಲ್ಲ, ಹೌದಿಲ್ಲೋ?” ಎಂದು ನಾನು ಹೋದಾಗಲೆಲ್ಲ ಕೇಳುತ್ತಿದ್ದಳು.

ಅವ್ವ ತಂಗಿಗೂ ಹೇಳಿದ್ದಳು. ಅವಳು ಫೋನ್ ಮಾಡಿ ನಕ್ಕಳು. “ವಕೀಲಮ್ಮಾರ, ನಮ್ಮವ್ವ ನನ್ನ ಮಾರಿ ನೋಡಿದ್ರ ಯಾರ ಮನಿ ಮುಳಗತೈತ್ರಿ?” ನಾನು ಕಾಯ್ದೆ ಹೇಳತೊಡಗಿದೆ. ಅವಳ ನಗು ನಿಂತಿತು. “ಆತು ಬಿಡಕ್ಕ. ನೀ ಹೇಳೂದು ಸರಿ ಇರಬೇಕು” ಎಂದಳು. ಅದಾದ ಮೇಲೆ ನಾವು ಮಾತಾಡಿದ್ದೆಲ್ಲ ಅವ್ವನ ಸಕ್ಕರೆ ಕಾಯಿಲೆ, ಔಷಧ, ಹಬ್ಬಕ್ಕೆ ಬರುತ್ತೀಯೋ ಇಲ್ಲವೋ, ಇಷ್ಟೇ.

ಸೀರಿಯಲ್ಲು ಮುಗಿಯಿತು. ಅದು ಮುಗಿದ ನಾಲ್ಕನೇ ತಿಂಗಳು ತಂಗಿಗೆ ಜ್ವರ ಬಂತು. ಡೆಂಗಿ ಎಂದರು. ನಾನು ಬಸ್ಸು ಹತ್ತುವಷ್ಟರಲ್ಲಿ ಐಸಿಯು ಎಂದರು, ತುಮಕೂರು ದಾಟುವಷ್ಟರಲ್ಲಿ ಅವಳ ಗೆಳತಿ ಫೋನ್ ಮಾಡಿದಳು. ಏನೂ ಹೇಳದೆ ಅತ್ತಳು. ಮೂವತ್ತು ತುಂಬಿರಲಿಲ್ಲ. ಆಂಬುಲೆನ್ಸಿನಲ್ಲಿ ಅವಳನ್ನು ಚಿಕ್ಕೇರೂರಿಗೆ ತಂದೆವು. ಅವಳ ಕೂಡ ನಾಟಕ ಮಾಡಿದ್ದ ನಾಲ್ಕೈದು ಹೆಂಗಸರು ಎಲ್ಲಿಂದಲೋ ಬಂದು ಅಂಗಳದಲ್ಲಿ ಕೂತು ಗಟ್ಟಿಯಾಗಿ ಅತ್ತರು. ಅವ್ವ ಅಳಲಿಲ್ಲ. ತಂಗಿಯ ಹಣೆಯ ಮೇಲೆ ಕೈಯಿಟ್ಟು, “ಈಗ ಜ್ವರ ಇಳದೈತಿ” ಎಂದಳು.

ದಿನ ಕರ್ಮಗಳು ಮುಗಿದ ಮೇಲೆ ಅವ್ವನನ್ನು ಹಾನಗಲ್ಲಿಗೆ ಕರೆದುಕೊಂಡು ಬಂದೆ. ಸಕ್ಕರೆ ಕಾಯಿಲೆ ಆಗಲೇ ಅವಳ ಕಣ್ಣಿಗಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ವೈಫೈ ಇತ್ತು. ಅವ್ವ ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ದೇವರ ಭಂಡಾರ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತರೆ ಆ ಸೀರಿಯಲ್ಲು. ಮೊದಲಿನಿಂದ ಕೊನೆಯವರೆಗೆ, ಮತ್ತೆ ಮೊದಲಿನಿಂದ. ನಾನು ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳದವಳಂತೆ ಇರುತ್ತಿದ್ದೆ. ತಂಗಿಯ ದನಿ ಬರುವ ಹೊತ್ತಿಗೆ ಬೇಕೆಂದೇ ನಲ್ಲಿ ಬಿಡುತ್ತಿದ್ದೆ. ಕೇಳುವ ಧೈರ್ಯ ನನಗಿರಲಿಲ್ಲ, ನಾಳೆ ಕೇಳಿದರಾಯಿತು ಎನ್ನುವಂತೆ ಇದ್ದೆ. ಆ್ಯಪಿನಲ್ಲಿಯೇ ಇಳಿಸಿಕೊಳ್ಳುವ ಸೌಲಭ್ಯವಿತ್ತು. ಒಂದು ದಿನ ಕೂತು ಎಷ್ಟು ಹಿಡಿಯುತ್ತದೋ ಅಷ್ಟು ಕಂತುಗಳನ್ನು ಇಳಿಸಿಟ್ಟೆ. ಪ್ರತಿಯೊಂದರ ಮುಂದೂ ಸರಿ ಗುರುತು ಬಿತ್ತು. ಕಾನೂನು ಪ್ರಕಾರ ಇಳಿಸಿದ್ದು, ಇನ್ನು ಇವು ನಮ್ಮವು ಎಂದುಕೊಂಡೆ.

ಏಳೆಂಟು ತಿಂಗಳು ಹೀಗೆ ಹೋಯಿತು. ಒಂದು ಬೆಳಿಗ್ಗೆ ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅವ್ವ ಕರೆದಳು. “ಇದು ಹತ್ತವಲ್ದು ನೋಡ.”

ಆ್ಯಪು ತೆರೆಯಿತು. ಸೀರಿಯಲ್ಲಿನ ಹೆಸರು ಹಾಕಿ ಹುಡುಕಿದೆ. ಇಲ್ಲ. ಇಳಿಸಿಟ್ಟಿದ್ದ ಕಂತುಗಳ ಪಟ್ಟಿ ತೆಗೆದೆ. ಹೆಸರುಗಳಿದ್ದವು, ಬೂದು ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ, ಈ ಕಾರ್ಯಕ್ರಮ ಈಗ ಲಭ್ಯವಿಲ್ಲ ಎಂದು ಬಂತು. ಒಂದೊಂದನ್ನೇ ಮುಟ್ಟಿದೆ. ಎಲ್ಲಕ್ಕೂ ಅದೇ ಮಾತು. ಅವ್ವ ನನ್ನ ಮುಖದ ಕಡೆಗೆ ನೋಡುತ್ತ ಕೂತಿದ್ದಳು. ಆ ಹೊತ್ತಿಗೆ ಅವಳಿಗೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಅದೇ ನನಗೊಂದು ಆಸರೆಯಾಯಿತು. “ಸರ್ವರ್ ಕೆಟ್ಟೈತವ್ವ, ನಾಳೆ ಬರ್ತೈತಿ” ಎಂದು ಸುಳ್ಳು ಹೇಳಿದೆ.

ಚಾನೆಲ್ಲಿಗೆ ಈಮೇಲ್ ಹಾಕಿದೆ, ರಿಜಿಸ್ಟರ್ ಪತ್ರ ಕಳಿಸಿದೆ. ವಕೀಲರ ಲೆಟರ್‌ಹೆಡ್ಡಿನ ಮೇಲೆ ಬರೆದದ್ದನ್ನು ಹರಿದು, ಬಿಳಿಯ ಹಾಳೆಯ ಮೇಲೆ ಮನವಿಯಂತೆ ಬರೆದು ಕಳಿಸಿದೆ. ತಂಗಿಯ ಗೆಳತಿ ಆ ಸೀರಿಯಲ್ಲು ತಯಾರಿಸಿದವರ ಕಡೆಯ ಒಬ್ಬ ಮ್ಯಾನೇಜರರ ನಂಬರು ಕೊಟ್ಟಳು. ಅವರು ಒಳ್ಳೆಯವರು, ಪೂರ್ತಿ ಕೇಳಿದರು. “ಮೇಡಂ, ನಮಗೂ ಚಾನೆಲ್‌ಗೂ ಇದ್ದ ಒಪ್ಪಂದ ಮುಗೀತು. ಅವರು ತೆಗೆದುಬಿಟ್ಟರು. ನಮ್ಮ ಆಫೀಸೂ ಮುಚ್ಚಿದೆ. ಹಾರ್ಡ್ ಡಿಸ್ಕ್‌ಗಳನ್ನ ಬೇರೆ ಕೆಲಸಕ್ಕೆ ಬಳಸಿಬಿಟ್ಟರು. ಯಾರಾದರೂ ಡೌನ್‌ಲೋಡ್ ಮಾಡಿ ಇಟ್ಕೊಂಡಿದ್ದರೆ ಉಂಟು, ನೋಡಿ” ಎಂದರು. ಆಮೇಲೆ, “ನಿಮ್ಮ ತಂಗಿ ಸೆಟ್ಟಲ್ಲಿ ಇದ್ದರೆ ಯಾರಿಗೂ ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲ ಮೇಡಂ” ಎಂದರು.

ಮನೆಯಲ್ಲಿ ಅವಳ ಫೋಟೋಗಳಿವೆ. ನನ್ನ ಮದುವೆಯ ವಿಡಿಯೊದಲ್ಲಿ ಅವಳು ಯಾರನ್ನೋ ಕರೆದು ಏನೋ ಹೇಳಿ ನಗುತ್ತಾಳೆ, ಅದರ ಮೇಲೆ ವಿಡಿಯೊದವನು ಹಾಡು ಕೂರಿಸಿದ್ದಾನೆ. ವಾಟ್ಸಾಪಿನಲ್ಲಿ ಅವಳು ಕಳಿಸುತ್ತಿದ್ದುದು ಬರೀ ಹೂವು, ಕೈಮುಗಿದ ಚಿತ್ರ. ಮಾತಾಡಬೇಕೆನ್ನಿಸಿದರೆ ಫೋನನ್ನೇ ಮಾಡುತ್ತಿದ್ದಳು. ದನಿ ಇದ್ದದ್ದು ಆ ಕಾರ್ಡಿನಲ್ಲಿ, ಅದನ್ನು ನಾನು ಅಳಿಸಿದ್ದೆ.

ಹಿರೇಕೆರೂರಿಗೆ ಹೋದೆ. ಅದೇ ಅಂಗಡಿ, ಅದೇ ಮನುಷ್ಯ. ಈ ಸಲವೂ ಎದ್ದು ಸ್ಟೂಲು ಒರೆಸಿದ. ಕೂತೆ. ಅವ್ವನಿಗೆ ಹಾಕಿಕೊಟ್ಟದ್ದು ಎಲ್ಲಿಯಾದರೂ ಉಳಿದಿದೆಯೇ ಎಂದು ಕೇಳಿದೆ.

“ಇಲ್ರಿ ಅಕ್ಕಾರ,” ಎಂದ ಆತ. “ನೀವು ಅಳಸಂದ್ರಿ, ನಾ ಅಳಸಿದ್ನಿರಿ. ಕಳ್ಳತನದಿಂದ ಒಂದು ಇಟ್ಕೋಬೇಕಾಗಿತ್ತು. ಹೆದರಿಕಿ ಆತ್ರಿ.”

ಆತನ ಮಾತಿನಲ್ಲಿ ಕುಟುಕಿರಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಳೆಯ ಕಂಪ್ಯೂಟರಿನ ಡಿಸ್ಕು ಬಿಚ್ಚಿ ಏನೇನೋ ಜೋಡಿಸಿ, ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿ ಎರಡು ತಾಸು ನೋಡಿದ. ಅವ್ವನ ಕಾರ್ಡನ್ನೂ ಒಯ್ದಿದ್ದೆ, ಅದರಲ್ಲೂ ನೋಡಿದ. ಅದರ ಮೇಲೆ ಆಮೇಲೆ ಫೋಟೋಗಳು ತುಂಬಿಬಿಟ್ಟಿದ್ದವು. ಏನೂ ಬರಲಿಲ್ಲ. ಕೊನೆಗೆ ನೆನಪಿಸಿಕೊಂಡು ಹೇಳಿದ. “ನನ್ನ ತಂಗೀನ ಹತ್ತಿಮತ್ತೂರಿಗೆ ಕೊಟ್ಟೇವ್ರಿ. ಆಕೀಗೆ ನಿಮ್ಮ ತಂಗಿಯವರ ಪಾರ್ಟು ಬಾಳ ಸೇರತಿತ್ರಿ. ಅವ್ವಾರಿಗೆ ಮಾಡಿದ್ದು ಆಕಿ ಮೊಬೈಲಿಗೂ ಒಂದ್ಸಲ ಹಾಕಿ ಕೊಟ್ಟಿದ್ದೆ. ಇದ್ರ ಅಲ್ಲಿ ಇರಬೇಕು.” ಫೋನ್ ಮಾಡಿದ, ಹತ್ತಲಿಲ್ಲ. ವಿಳಾಸ ಬರೆದು ಕೊಟ್ಟ.

ಮರುದಿನವೇ ಹೊರಟೆ. ಕೋರ್ಟಿನಲ್ಲಿ ಕೇಸುಗಳಿದ್ದವು, ಮುಂದೂಡಿಸಿದೆ. ಶಿಗ್ಗಾವಿ, ಸವಣೂರು, ಅಲ್ಲಿಂದ ಇನ್ನೊಂದು ಬಸ್ಸು. ಹತ್ತಿಮತ್ತೂರಿನಲ್ಲಿ ಆ ಹೆಣ್ಣುಮಗಳು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಸೆರಗಿಗೆ ಕೈ ಒರೆಸಿಕೊಂಡು ನನ್ನ ಎರಡೂ ಕೈ ಹಿಡಿದಳು. “ಯವ್ವಾ, ನೀವು ಅವರ ಅಕ್ಕಾರೇನ್ರಿ! ಬರ್ರಿ, ಒಳಗ ಬರ್ರಿ. ಅವರು ಹೋದದ್ದು ಕೇಳಿ ನಾ ಎರಡು ದಿನ ಉಂಡಿಲ್ರಿ. ಟಿವ್ಯಾಗ ನಮ್ಮಂಗ ಮಾತಾಡೂ ಹೆಣಮಗಳು ಅವರೊಬ್ಬರ ಇದ್ರು ನೋಡ್ರಿ.”

ಚಹಾ ಕುಡಿಸಿದಳು. ಮೊಬೈಲಿನ ವಿಷಯ ಕೇಳಿದೆ. ಅವಳ ಕೈ ಬಾಯಿಗೆ ಹೋಯಿತು.

“ಅದು ಹಳೇ ಮೊಬೈಲ್ರಿ. ಕೆಟ್ಟು ಬಿದ್ದಿತ್ರಿ. ಹೋದ ತಿಂಗಳ ಹಳೇ ಮೊಬೈಲಿಗೆ ಪ್ಲಾಸ್ಟಿಕ್ ಸಾಮಾನು ಕೊಡೂ ಗಾಡಿ ಬಂದಿತ್ರಿ. ಕಾರ್ಡು ಅದರಾಗ ಇತ್ರಿ, ಲಕ್ಷ್ಯ ಬರಲಿಲ್ರಿ. ಕೊಟ್ಟಬಿಟ್ಟೆ.”

ಹಿತ್ತಲಿನ ಬಾಗಿಲಲ್ಲಿ ನೀಲಿ ಬಣ್ಣದ ಬುಟ್ಟಿಯೊಂದಿತ್ತು, ತೋಯಿಸಿದ ಬಟ್ಟೆ ತುಂಬಿತ್ತು. ಅದನ್ನೇ ತೋರಿಸಿದಳು. ಗಾಡಿ ಎಲ್ಲಿಯದೆಂದು ಅವಳಿಗೆ ಗೊತ್ತಿರಲಿಲ್ಲ, ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಆ ಬುಟ್ಟಿಯನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ, ಆಕೆ ಅಳತೊಡಗಿದಳು. ಅವಳನ್ನೇ ನಾನು ಸಮಾಧಾನ ಮಾಡಬೇಕಾಯಿತು.

ಮರಳುವಾಗ ಶಿಗ್ಗಾವಿಯಲ್ಲಿ ಇಳಿದೆ. ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ವಕೀಲರ ಕೈ ಕೆಳಗೆ. ಅವರೀಗ ಕೋರ್ಟು ಬಿಟ್ಟು ಅಲ್ಲಿ ಮಗಳ ಮನೆಯಲ್ಲಿದ್ದರು. ಯಾಕೆ ಹೋದೆನೋ ಹೇಳಲಾರೆ. ಬಯ್ಯಿಸಿಕೊಳ್ಳಬೇಕು ಅನ್ನಿಸಿರಬೇಕು. ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು, ವಾದ ಕೇಳುವ ಹಾಗೆ ಕೇಳಿದರು.

“ಮಾರಿದ್ರ ತಪ್ಪು. ಮಂದಿಗೆ ಹಂಚಿದ್ರ ತಪ್ಪು. ಅಂಗಡಿಯಂವಂದು ತಪ್ಪ ಅನ್ನಬಹುದು,” ಎಂದರು. “ಆದ್ರ ಸ್ವಂತಕ್ಕ, ಮನ್ಯಾಗ ಕುಂತು ನೋಡಾಕ ಇಟ್ಕೊಂಡವರದು ಬ್ಯಾರೆ ಮಾತು. ಖಾಸಗಿ ಬಳಕೆಗೆ ನ್ಯಾಯವಾಗಿ ಉಪಯೋಗಿಸಿದ್ರ ಉಲ್ಲಂಘನೆ ಅಲ್ಲ ಅಂತ ಕಾಯ್ದ್ಯಾಗ ಒಂದು ಕಲಂ ಐತಿ. ಕದ್ದ ಪ್ರತಿಯಿಂದ ಬಂದದ್ದಕ್ಕೂ ಅದು ಹತ್ತತೈತೋ ಇಲ್ಲೋ, ಅದು ಇನ್ನೂ ಗಟ್ಟಿ ಇತ್ಯರ್ಥ ಆಗಿಲ್ಲ. ಹೌದೂ ಅನ್ನಬಹುದು, ಅಲ್ಲಾನೂ ಅನ್ನಬಹುದು. ಓದಿದ್ದೇನು ಅದನ್ನ?”

“ಇಲ್ರಿ ಸರ್.”

“ನಿಮ್ಮವ್ವನ ಪರ ವಾದ ಮಾಡಬಹುದಿತ್ತವ್ವ,” ಎಂದರು. ಅವರು ಬಯ್ಯಲಿಲ್ಲ. ಮಗಳನ್ನು ಕರೆದು ನನಗೆ ಊಟಕ್ಕಿಕ್ಕಲು ಹೇಳಿದರು.

ಮುಂದಿನ ವಾರಗಳಲ್ಲಿ ನಾನು ಮಾಡಿದ್ದನ್ನು ಹಿಂದೆ ನಾನೇ ಕಳವು ಎನ್ನುತ್ತಿದ್ದೆ. ಕೋರ್ಟಿಗೆ ಹೋಗುವ ಮುಂಚೆ, ಹೋಗಿ ಬಂದ ಮೇಲೆ, ಕಂಪ್ಯೂಟರಿನ ಮುಂದೆ ಕೂತು ಕಳ್ಳ ಸೈಟುಗಳನ್ನು ಜಾಲಾಡಿದೆ. ಒಂದನ್ನು ಒತ್ತಿದರೆ ಹತ್ತು ಜಾಹೀರಾತು ತೆರೆಯುತ್ತವೆ, ರಮ್ಮಿ ಆಡು ಎನ್ನುತ್ತವೆ, ನಾಚಿಕೆಯಾಗುವಂಥ ಚಿತ್ರಗಳು ಬರುತ್ತವೆ. ಸೀರಿಯಲ್ಲಿನ ಹೆಸರಿರುತ್ತದೆ, ಒಳಗೆ ಬೇರೇನೋ ಇರುತ್ತದೆ. ಕೊನೆಗೆ ಒಂದು ಕಡೆ ಒಂದೇ ಒಂದು ಕಂತು ಸಿಕ್ಕಿತು. ಇಳಿಸಿಕೊಂಡೆ. ಅದು ತಪ್ಪೋ ಸರಿಯೋ ಎಂದು ಆ ಹೊತ್ತಿನಲ್ಲಿ ನಾನು ಕೇಳಿಕೊಳ್ಳಲಿಲ್ಲ.

ತಂಗಿಯ ಸೀರಿಯಲ್ಲನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಬಂಗಲೆಯ ಹಾಲಿನಲ್ಲಿ ಅತ್ತೆ ಸೊಸೆ ಜಗಳಾಡುತ್ತಿದ್ದಾರೆ. ತಂಗಿ ತಟ್ಟೆಯಲ್ಲಿ ಕಪ್ಪುಗಳನ್ನು ಹಿಡಿದು ಬರುತ್ತಾಳೆ, ಬೆನ್ನು ನಮ್ಮ ಕಡೆಗಿದೆ. ಕಪ್ಪುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಪಕ್ಕದ ಬಾಗಿಲಿನಿಂದ ಹೋಗುತ್ತಾಳೆ. ತಿರುಗುವಾಗ ಕೆನ್ನೆಯ ಅಂಚು ಕಾಣುತ್ತದೆ. ಕಂತಿನಲ್ಲಿ ಮತ್ತೆ ಎಲ್ಲಿಯೂ ಅವಳಿಲ್ಲ. ಒಂದು ಮಾತೂ ಆಡುವುದಿಲ್ಲ.

ಅವ್ವನಿಗೆ ತೋರಿಸಬಾರದು ಎಂದುಕೊಂಡಿದ್ದೆ. ಎರಡು ದಿನ ತಡೆದೆ. ಮೂರನೆಯ ದಿನ ಬೆಳಿಗ್ಗೆ ಅವಳು ಕೇಳಿದಳು. “ಸರ್ವರ್ ಇನ್ನೂ ಸರಿ ಆಗಿಲ್ಲೇನು?” ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಮೊಬೈಲಿನಲ್ಲಿ ಆ ಜಾಗ ಹಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಕಾಣಲಿಲ್ಲ. ಆಮೇಲೆ ಕಿವಿಗೆ ಹಿಡಿದಳು. ಅತ್ತೆ ಸೊಸೆಯರ ಕೂಗಾಟದ ನಡುವೆ ಕಪ್ಪುಗಳ ಸಪ್ಪಳ ಕೇಳಿಸಿತು. ಟಣ್, ಟಣ್, ಟಣ್.

“ಮಾತಾಡಂಗಿಲ್ಲೇನು?”

“ಇಲ್ಲವ್ವ. ಇದರಾಗ ಇಲ್ಲ.”

“ಮತ್ತ ಬ್ಯಾರೆದರಾಗ?”

ಆಗ ಹೇಳಿದೆ. ಆ್ಯಪಿನಿಂದ ಹೋಯಿತು, ಎಲ್ಲಿಯೂ ಇಲ್ಲ, ಹಿರೇಕೆರೂರು ಹತ್ತಿಮತ್ತೂರು ಎಲ್ಲ ತಿರುಗಿದೆ ಎಂದು. ಕಾರ್ಡಿನ ಮಾತನ್ನು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. “ಚಾ ಮಾಡ್ತೀಯೇನು?” ಎಂದಳಷ್ಟೆ. ಅವಳು ನನ್ನನ್ನು ಒಮ್ಮೆಯಾದರೂ ಬಯ್ಯಲಿ ಎಂದು ನಾನು ಇಂದಿಗೂ ಕಾಯುತ್ತೇನೆ.

ಈಗ ಅವ್ವನಿಗೆ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ಹೋದ ಬೇಸಿಗೆಯಲ್ಲಿ, ಕೋರ್ಟಿಗೆ ರಜೆಯಿದ್ದಾಗ, ಮಧ್ಯಾಹ್ನ ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ಇದ್ದಕ್ಕಿದ್ದ ಹಾಗೆ ಹೇಳಿದಳು. “ನೀವಿಬ್ಬರೂ ಒಂದ ಹೊಟ್ಟ್ಯಾಗ ಹುಟ್ಟೀರಿ. ಆಕಿಯಂಗ ಒಂದು ಮಾತು ಆಡ ನೋಡೂಣು.”

“ನನಗ ಬರಂಗಿಲ್ಲವ್ವ.”

“ಬರ್ತೈತಿ. ಆಡು.”

ಯಾವ ಮಾತು ಆಡಲಿ? ಸೀರಿಯಲ್ಲಿನಲ್ಲಿ ಅವಳು ಆಡಿದ ಒಂದು ಮಾತೂ ನನಗೆ ಗೊತ್ತಿರಲಿಲ್ಲ. ಅವ್ವನನ್ನೇ ಕೇಳಿದೆ. ಅವ್ವ ನೆನಪು ಮಾಡಿಕೊಂಡು, ಏರಿಳಿತವಿಲ್ಲದೆ, ಪಾಠ ಒಪ್ಪಿಸುವವಳಂತೆ ಹೇಳಿದಳು. “ಮನ್ಯಾಗ ದೊಡ್ಡ ಜಗಳ ನಡದಿರ್ತೈತಿ. ಇಕಿ ಬಂದು, ‘ಅಮ್ಮಾರ, ಚಾ ಆರಾಕತ್ತೈತಿ, ಸಿಟ್ಟು ಆಮ್ಯಾಲ ಮಾಡ್ರಿ’ ಅಂತಾಳ.”

ನಾನು ಎಣ್ಣೆಯ ಕೈಯನ್ನು ಒರೆಸಿಕೊಂಡು ಹೇಳಿದೆ. ಅಮ್ಮಾರ, ಚಾ ಆರಾಕತ್ತೈತಿ, ಸಿಟ್ಟು ಆಮ್ಯಾಲ ಮಾಡ್ರಿ. ನ್ಯಾಯಾಧೀಶರ ಮುಂದೆ ಅರ್ಜಿ ಓದಿದಂತಿತ್ತು. ಅವ್ವ ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹೇಳಿದೆ. ಸ್ವಲ್ಪ ನಗುತ್ತ ಹೇಳು ಎಂದಳು. ನಗುತ್ತ ಹೇಳಿದೆ. ನಾಲ್ಕೈದು ಸಲ ಹೇಳಿರಬೇಕು. ಆಮೇಲೆ ಅವಳು ಕೈ ಚಾಚಿ ನನ್ನ ಮೊಳಕೈ ಹಿಡಿದು ನಿಲ್ಲಿಸಿದಳು.

ಒಂದು ವಾರದ ಮೇಲೆ ಊಟಕ್ಕೆ ಕೂತಾಗ ಹೇಳಿದಳು. “ಅವತ್ತು ನಿನಗ ಆಡಂತ ಹೇಳಬಾರದಾಗಿತ್ತವ್ವ. ಮೊದಲು ಆ ಮಾತು ನೆನಸಿದ್ರ ಆಕಿ ದನಿ ಬರ್ತಿತ್ತು. ಈಗ ನಿಂದ ಬರಾಕತ್ತೈತಿ.”

ನಾನು ಅವಳ ತಟ್ಟೆಗೆ ಇನ್ನಷ್ಟು ಸಾರು ಹಾಕಿದೆ. ಅವಳು ಬೇಡ ಎನ್ನಲಿಲ್ಲ, ಉಣ್ಣಲೂ ಇಲ್ಲ.